ಪುದುಪೇಟೆಯ ಸೈಲೆನ್ಸರ್

ನಮ್ಮಜ್ಜ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಹಾಗಾಗಿ ನಾನು ಕಲಿತ ಕನ್ನಡದಲ್ಲಿ ಅರ್ಧ ತಮಿಳೇ. ಗಾಡಿಗೆ ನಾವು ವಂಡಿ ಎನ್ನುತ್ತಿದ್ದೆವು. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು. ಹೆಂಡತಿ ಮೈಸೂರಿನವಳು, ವಿಮಾ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾದ ಮೇಲೆ ಪ್ಯಾರೀಸ್ ಕಾರ್ನರ್ ಹತ್ತಿರದ ಕಚೇರಿಗೆ ವರ್ಗ ಮಾಡಿಸಿಕೊಂಡು ಬಂದಳು.

ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪು. ನೀರಿನ ಪಂಪಿನ ಬಿಡಿಭಾಗಗಳನ್ನು ಮಾಡಿ ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳಿಗೆ ಕೊಡುತ್ತಿದ್ದೆ. ಸರಕು ಸಾಗಿಸಲು ಒಂದು ಹಳೆಯ ಪಿಕಪ್ ವ್ಯಾನಿತ್ತು. ಬೆಳಗ್ಗೆ ಎಂಟೂವರೆಗೆ ನಾವಿಬ್ಬರೂ ಅದರಲ್ಲೇ ಹೊರಡುತ್ತಿದ್ದೆವು. ಹಿಂದೆ ಗೋಣಿಚೀಲಗಳು, ಮುಂದೆ ನಾವಿಬ್ಬರು, ಅವಳ ತೊಡೆಯ ಮೇಲೆ ಎರಡು ಊಟದ ಡಬ್ಬಿ.

ಅಂಬತ್ತೂರಿನಲ್ಲೇ ಇದ್ದ ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನ ತಾಯಿ, ಸೋದರತ್ತೆ, ಮದುವೆಯಾಗದ ಇಬ್ಬರು ತಂಗಿಯರು ಇದ್ದರು. ಗಂಡ ಹೆಂಡತಿ ಕೂತು ಮಾತಾಡುವ ಜಾಗವೇ ಅಲ್ಲಿರಲಿಲ್ಲ. ನಮ್ಮ ಮಾತೆಲ್ಲ ವ್ಯಾನಿನಲ್ಲಿ. ಕಚೇರಿಯ ಸುದ್ದಿ, ತವರಿನ ಕಾಗದ, ಅಮ್ಮನ ಮೇಲಿನ ಸಣ್ಣಪುಟ್ಟ ದೂರು ಎಲ್ಲವನ್ನೂ ಅವಳು ಆ ಮುಕ್ಕಾಲು ಗಂಟೆಯಲ್ಲಿ ಹೇಳುತ್ತಿದ್ದಳು. ನಾನು ವಂಡಿ ಎಂದಾಗಲೆಲ್ಲ ನಗುತ್ತ ಗಾಡಿ ಎಂದು ತಿದ್ದುತ್ತಿದ್ದಳು. ನನಗೆ ನೆಟ್ಟಗೆ ಕನ್ನಡ ಬಂದದ್ದು ಅಲ್ಲಿ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ವ್ಯಾನಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಯಿತು. ಶನಿವಾರ ಅವಳಿಗೆ ಅರ್ಧ ದಿನದ ಕಚೇರಿ. ಮಧ್ಯಾಹ್ನ ಅವಳನ್ನೂ ಕರೆದುಕೊಂಡು ಪುದುಪೇಟೆಗೆ ಹೋದೆ. ಹಳೆಯ ಗಾಡಿಗಳನ್ನು ಬಿಚ್ಚಿ ಭಾಗಭಾಗವಾಗಿ ಮಾರುವ ಬೀದಿಗಳು ಅವು. ಸೈಲೆನ್ಸರ್ ಅಂಗಡಿಯ ಮುದುಕ ಎರಡು ತೋರಿಸಿದ. ಮೊದಲನೆಯದು ಕಂಪನಿಯದರಂತೆಯೇ ಇತ್ತು, ಒಳಗೆ ತಗಡಿನ ಅಡ್ಡಗೋಡೆಗಳು, ಒಳ್ಳೆಯ ತೂಕ. ಎರಡನೆಯದನ್ನು ಅವನೇ ಬೆಸುಗೆ ಹಾಕಿ ಮಾಡಿದ್ದ. ದಪ್ಪ ಪೈಪು, ನಡುವೆ ಹೆಸರಿಗೊಂದು ಡಬ್ಬ, ಒಳಗೆ ಹೆಚ್ಚುಕಡಿಮೆ ಖಾಲಿ.

ಒಂದೊಂದನ್ನೂ ತಂತಿಯಲ್ಲಿ ಕಟ್ಟಿ ಎಂಜಿನ್ ಶುರು ಮಾಡಿಸಿದ. ಮೊದಲನೆಯದರ ಸದ್ದು ಪಕ್ಕದ ಮನೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿದಂತಿತ್ತು. ಎರಡನೆಯದಕ್ಕೆ ಅಂಗಡಿಯ ತಗಡೆಲ್ಲ ನಡುಗಿತು. ಎದುರಿನ ಚಹಾ ಅಂಗಡಿಯಲ್ಲಿ ನಿಂತಿದ್ದವರು ತಿರುಗಿ ನೋಡಿದರು.

"ವಂಡಿ ಪರಕ್ಕುಂ ಸಾರ್," ಎಂದ ಮುದುಕ. ಹೊಗೆಗೆ ಅಡ್ಡಿಯೇ ಇರುವುದಿಲ್ಲ, ಎಂಜಿನ್ ಸಲೀಸಾಗಿ ಉಸಿರಾಡುತ್ತದೆ, ಎಷ್ಟು ಲೋಡಿದ್ದರೂ ಗಾಡಿ ಹಾರಿಕೊಂಡು ಹೋಗುತ್ತದೆ ಎಂದು ವಿವರಿಸಿದ. ನಾನು ಬಲ್ಲವನಂತೆ ಪೈಪಿನ ಅಳತೆ, ತಗಡಿನ ದಪ್ಪ ಎಲ್ಲ ಕೇಳಿದೆ. ನಿಜ ಹೇಳಬೇಕೆಂದರೆ, ಆ ಜನ ತಿರುಗಿ ನೋಡಿದಾಗಲೇ ನಾನು ತೀರ್ಮಾನಿಸಿಯಾಗಿತ್ತು.

"ಮೊದಲ್ನೇದೇ ಚೆನ್ನಾಗಿದೆ ಕಣ್ರೀ," ಎಂದಳು ಅವಳು. "ಮಾತಾಡಿದ್ರೆ ಕೇಳ್ಸುತ್ತೆ."

"ಲೋಡ್ ಎಳೀಬೇಕಲ್ಲ. ನಿನಗೆ ಅದೆಲ್ಲ ತಿಳಿಯಲ್ಲ," ಎಂದೆ.

ಎರಡನೆಯದನ್ನೇ ಹಾಕಿಸಿದೆ.

ಖಾಲಿ ಇದ್ದಾಗ ವ್ಯಾನು ಚುರುಕಾಗಿ ಓಡುತ್ತಿತ್ತು ಎಂಬುದು ಸುಳ್ಳಲ್ಲ. ಆದರೆ ಚೀಲಗಳನ್ನು ಹೇರಿಕೊಂಡು ರೈಲು ಹಳಿಯ ಮೇಲಿನ ಸೇತುವೆ ಹತ್ತುವಾಗ ಮೊದಲಿಗಿಂತ ಬೇಗ ಏದುಸಿರು ಬಿಡುತ್ತಿತ್ತು. ಅರ್ಧ ದಾರಿಗೇ ಎರಡನೇ ಗೇರಿಗೆ ಇಳಿಸಬೇಕಾಗುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಎಸ್ಟೇಟಿನ ಕಾವಲುಗಾರ ನನ್ನ ಸದ್ದು ಕೇಳಿಯೇ ಗೇಟು ತೆಗೆದು ನಿಲ್ಲುತ್ತಿದ್ದ. ನನಗೆ ಅಷ್ಟು ಸಾಕಾಗಿತ್ತು.

ಮೊದಮೊದಲು ಅವಳು ಗಟ್ಟಿಯಾಗಿ ಕೂಗಿ ಮಾತಾಡಿದಳು. ಆಮೇಲೆ ಸಿಗ್ನಲ್ಲಿಗೆ ಕಾದು ಮಾತಾಡಿದಳು, ಆದರೆ ನಿಂತಾಗಲೂ ಸದ್ದು ಕಡಿಮೆಯಾಗುತ್ತಿರಲಿಲ್ಲ. ಕೊನೆಗೆ ವಾರಪತ್ರಿಕೆಯೊಂದನ್ನು ಜೊತೆಗೆ ತರತೊಡಗಿದಳು. ಆಗೀಗ ಏನಾದರೂ ಹೇಳಿದರೆ ನಾನು ನಕ್ಕು ತಲೆಯಾಡಿಸುತ್ತಿದ್ದೆ. ಏನು ಎಂದು ಮತ್ತೆ ಕೇಳುವುದಕ್ಕಿಂತ ಅದು ಸುಲಭವಾಗಿತ್ತು.

ಒಂದು ದಿನ ಪುರಸವಾಕ್ಕಂ ದಾಟುವಾಗ ಅವಳು ನನ್ನ ಕಡೆ ವಾಲಿ ತುಂಬ ಹೊತ್ತು ಏನೋ ಹೇಳಿದಳು. ಮುಂದೆ ಒಂದು ಬಸ್ಸು ದಾರಿ ಬಿಡದೆ ಸತಾಯಿಸುತ್ತಿತ್ತು, ನನ್ನ ಗಮನವೆಲ್ಲ ಅದರ ಮೇಲೆ. ಆಫೀಸು, ಇವತ್ತೇ, ಬರೆದುಕೊಡಲಾ ಎಂಬ ಮೂರು ಮಾತು ಕಿವಿಗೆ ಬಿದ್ದವು. ಯಾವುದೋ ರಜೆಯ ಅರ್ಜಿ ಇರಬೇಕೆಂದುಕೊಂಡು ತಲೆಯಾಡಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ಇನ್ನೊಮ್ಮೆ ತಲೆಯಾಡಿಸಿದೆ. ಕಚೇರಿ ಬಂದಾಗ ನನ್ನ ಡಬ್ಬಿಯನ್ನೂ ಹಿಡಿದುಕೊಂಡೇ ಇಳಿದು ಹೋದಳು. ಹಾರ್ನ್ ಹೊಡೆದೆ. ವಾಪಸು ಬಂದು ಡಬ್ಬಿ ಕೊಟ್ಟು ಒಳಗೆ ಹೋದಳು.

ಮುಂದಿನ ತಿಂಗಳಿನಿಂದ ರೈಲಿನಲ್ಲಿ ಹೋಗುತ್ತೇನೆ ಎಂದಳು. ಅಂಬತ್ತೂರಿನಿಂದ ಬೀಚ್ ಸ್ಟೇಷನ್‌ವರೆಗೆ ಸೀಸನ್ ಟಿಕೆಟ್ ತೆಗೆಸಿದಳು. ಜೊತೆಗೆ ಹೋಗುವ ಹೆಂಗಸರಿದ್ದಾರಂತೆ. ಒಳ್ಳೆಯದೇ ಆಯಿತು ಎಂದುಕೊಂಡೆನೇ ಹೊರತು ಯಾಕೆಂದು ಕೇಳಲಿಲ್ಲ.

ವರ್ಷ ಕಳೆದ ಮೇಲೆ, ಒಂದು ಭಾನುವಾರ, ಅವಳ ಕಚೇರಿಯ ತಮಿಳು ಹುಡುಗಿಯೊಬ್ಬಳು ಸಿಹಿ ತೆಗೆದುಕೊಂಡು ಮನೆಗೆ ಬಂದಳು. ಆ ಹುಡುಗಿಗೆ ಆಫೀಸರ್ ಹುದ್ದೆಗೆ ಬಡ್ತಿ ಸಿಕ್ಕಿತ್ತು, ಕೊಯಮತ್ತೂರಿಗೆ ಹೊರಟಿದ್ದಳು. ಕಳೆದ ಸಲ ನಿಮ್ಮ ಮನೆಯ ಅಕ್ಕನಿಗೇ ಬಂದಿತ್ತು, ಬೇಡವೆಂದು ಬರೆದುಕೊಟ್ಟರು, ಅದಕ್ಕೇ ಈ ಸಲ ನನ್ನವರೆಗೂ ಬಂತು ಎಂದು ಅವಳು ಸಂಕೋಚದಿಂದಲೇ ಹೇಳಿದಳು.

ಅವಳನ್ನು ಕಳಿಸಿದ ಮೇಲೆ ಅಡುಗೆಮನೆಗೆ ಹೋದೆ. ಹೆಂಡತಿ ಸೊಪ್ಪು ಸೋಸುತ್ತ ಕೂತಿದ್ದಳು.

"ಬಡ್ತಿ ಬಂದಿದ್ದು ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ವ್ಯಾನಲ್ಲಿ. ಇವತ್ತೇ ಕೊನೇ ದಿನ, ಮನೆ ಬಿಟ್ಟು ಬೇರೆ ಊರಿಗೆ ಹೋಗೋದು ಕಷ್ಟ ಅನ್ನೋದಾದ್ರೆ ಬೇಡ ಅಂತ ಬರೆದುಕೊಡ್ಲಾ ಅಂತ ಕೇಳ್ದೆ. ತಲೆಯಾಡಿಸಿದ್ರಿ. ಎರಡು ಸಲ."

"ನನಗೆ ಕೇಳಿಸಿರ್ಲಿಲ್ಲ."

ಅವಳ ಕೈ ನಿಂತಿತು. ಅವತ್ತಿನ ಹಿಂದಿನ ಒಂದು ವಾರವಿಡೀ ಹೇಳಬೇಕೆಂದು ಕಾದು, ಮನೆಯಲ್ಲಿ ಏಕಾಂತ ಸಿಗದೆ, ದಾರಿಯಲ್ಲಿ ಮಾತಾಡಲಾಗದೆ ಕೊನೆಯ ದಿನದವರೆಗೂ ತಳ್ಳಿದ್ದಳಂತೆ.

"ಕೇಳಿಸ್ದೆ ಇದ್ರೆ ತಲೆ ಯಾಕೆ ಆಡಿಸಿದ್ರಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನವೇ ಪುದುಪೇಟೆಗೆ ಹೋಗಿ ಆ ಪೈಪು ತೆಗೆಸಿ ಮೊದಲನೆಯ ಬಗೆಯದನ್ನು ಹಾಕಿಸಿದೆ. ಮುದುಕನಿಗೆ ಆಶ್ಚರ್ಯವಾಯಿತು. ಮನೆಗೆ ಬಂದು, ಇನ್ನು ವ್ಯಾನಿನಲ್ಲೇ ಬಾ, ಸದ್ದಿಲ್ಲ ಎಂದೆ. ಒಂದು ವಾರ ಬಂದಳು. ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ಆಮೇಲೆ ಸೀಸನ್ ಟಿಕೆಟ್ ಸುಮ್ಮನೆ ಹಾಳಾಗುತ್ತದೆ ಎಂದು ಮತ್ತೆ ರೈಲಿಗೆ ಹೋದಳು.

ಎಂಬತ್ತರ ದಶಕದ ನಡುವಿನಲ್ಲಿ ಇನ್ನೊಮ್ಮೆ ಬಡ್ತಿಯ ಕಾಗದ ಬಂತು. ಆಗ ಅಮ್ಮ ಹಾಸಿಗೆ ಹಿಡಿದಿದ್ದರು, ಮಗಳು ಚಿಕ್ಕವಳು. ಆ ಸಲ ಅವಳು ನನ್ನನ್ನು ಕೇಳಲಿಲ್ಲ. ಬೇಡವೆಂದು ಬರೆದುಕೊಟ್ಟು ಬಂದ ಮೇಲೆ ತಿಳಿಸಿದಳು. ಗುಮಾಸ್ತೆಯಾಗಿಯೇ ನಿವೃತ್ತಳಾದಳು.

ಎಷ್ಟೋ ವರ್ಷಗಳ ನಂತರ ಒಂದು ಸಂಜೆ ಅವಳಿಗೆ ಹೇಳಿದೆ, ಅವತ್ತು ನನಗೆ ಕೇಳಿಸಿದ್ದಿದ್ದರೆ ಖಂಡಿತ ಹೋಗು ಅನ್ನುತ್ತಿದ್ದೆ ಎಂದು.

"ಈಗ ಹೇಳೋದು ಸುಲಭ ರೀ," ಎಂದಳು.

ಆಮೇಲೆ ಬಹಳ ದಿನ ಅದನ್ನೇ ಯೋಚಿಸಿದೆ. ಅಮ್ಮ, ತಂಗಿಯರ ಮದುವೆ, ಮನೆಯ ಅಡುಗೆ ಎಲ್ಲ ಅವಳ ಮೇಲೆ ನಿಂತಿದ್ದ ಕಾಲ ಅದು. ಪ್ರತಿ ಮಾತೂ ಸ್ಪಷ್ಟವಾಗಿ ಕಿವಿಗೆ ಬಿದ್ದಿದ್ದರೂ ನಾನು ಹೋಗು ಅನ್ನುತ್ತಿದ್ದೆನೋ, ಅದೇ ತಲೆಯನ್ನು ಅದೇ ರೀತಿ ಆಡಿಸುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.