ನಾಲ್ಕು ಹೋಳಿಗೆಯ ತೂಕ

ಮೊನ್ನೆ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದ ಕಂಬಳಿ ಮಳೆಗೆ ತೋಯ್ದುಹೋಯಿತು. ಒಳಗೆ ತಂದು ಹಗ್ಗದ ಮೇಲೆ ಹರವಿದೆ. ಒದ್ದೆ ಉಣ್ಣೆಯ ವಾಸನೆ ಮನೆಯೆಲ್ಲ ತುಂಬಿತು. ಮಕ್ಕಳೇ, ನೀವು ಮೂಗು ಮುಚ್ಚಿಕೊಂಡು ಹೊರಗೆ ಓಡಿದಿರಿ. ನಾನು ಅಲ್ಲೇ ನಿಂತುಬಿಟ್ಟೆ. ಆ ವಾಸನೆಯಲ್ಲಿ ನನಗೆ ಮೂಡಲಗಿಯ ಒಂದು ಮೈದಾನ ಕಂಡಿತು. ಕಂಬಳಿ ಹೊದ್ದು ಬಿಸಿಲಲ್ಲಿ ಓಡುವ ನಿಮ್ಮ ಅವ್ವ ಕಂಡಳು... ಅವಳ ಹಿಂದೆ ಸೀರೆ ಎತ್ತಿ ಕಟ್ಟಿಕೊಂಡು, ಏದುಸಿರು ಬಿಡುತ್ತ ಓಡುವ ಖಾನಾವಳಿಯ ಅಕ್ಕ ಕಂಡಳು.

ಅಕ್ಕನ ಬಗ್ಗೆ ನಿಮಗೆ ಎಂದೂ ಸರಿಯಾಗಿ ಹೇಳಿಲ್ಲ. ಕೂತು ಕಥೆ ಹೇಳುವುದು ನನ್ನಿಂದ ಆಗುವುದಿಲ್ಲ, ನಾಲ್ಕು ಮಂದಿ ನೋಡಿದರೆ ಮಾತು ನಿಂತುಹೋಗುತ್ತದೆ. ಬರೆಯುವುದಾದರೆ ಯಾರೂ ನೋಡುವುದಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ನಮ್ಮೂರು ಕುಲಗೋಡ ಬಿಟ್ಟು ಮಗಳೊಂದಿಗೆ, ಅಂದರೆ ನಿಮ್ಮ ಅವ್ವನೊಂದಿಗೆ, ಗೋಕಾಕಿಗೆ ಬಂದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಕ್ಕನ ಖಾನಾವಳಿ ಇತ್ತು. ಅಲ್ಲಿ ರೊಟ್ಟಿ ಬಡಿಯುವ ಕೆಲಸ ನನ್ನದು. ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರ ವಾಸ. ಅಕ್ಕ ದಪ್ಪ ಮೈಯವಳು, ಅದಕ್ಕಿಂತ ದೊಡ್ಡ ದನಿಯವಳು. ನನ್ನ ಹಾಗೆ ಅವಳಿಗೂ ಗಂಡ ಇರಲಿಲ್ಲ. ಅವಳಿಗೆ ಮಕ್ಕಳೂ ಆಗಿರಲಿಲ್ಲ. ಆದರೆ ಊಟದ ಹೊತ್ತಿಗೆ ಬಂದು ನೋಡಿದರೆ ಊರಿನ ಮಕ್ಕಳೆಲ್ಲ ಅವಳವೇ ಅನ್ನಿಸಬೇಕು. ಕಾಲೇಜಿನ ಮೈದಾನದಿಂದ ಹುಡುಗ ಹುಡುಗಿಯರು ಮೊಣಕಾಲಿನ ಮಣ್ಣು ಕೂಡ ಒರೆಸಿಕೊಳ್ಳದೆ ಬಂದು ಸಾಲಾಗಿ ಕೂರುತ್ತಿದ್ದರು.

ನೀಡುವುದರಲ್ಲಿ ಅಕ್ಕನದು ಕಟ್ಟುನಿಟ್ಟು. ರೊಟ್ಟಿಯಾಗಲಿ ಹೋಳಿಗೆಯಾಗಲಿ, ಒಂದು ನೀಡಿ ಸುಮ್ಮನಾಗಬಾರದು, ಜೋಡಿ ನೀಡಬೇಕು. ಎರಡರ ಮೇಲೆ ಇನ್ನೊಂದು ಹಾಕಿದರೆ ಮೂರಾಗುತ್ತದೆ. ಮೂರು ನೀಡುವುದು ಅಶುಭವೆಂದು ನಮ್ಮ ಕಡೆ ಯಾರ ಮನೆಯಲ್ಲೂ ನೀಡುವುದಿಲ್ಲ. ಹಾಗಾಗಿ ನಾಲ್ಕು. ಯಾರಾದರೂ ತಾಟಿನ ಮೇಲೆ ಕೈ ಅಡ್ಡ ಹಿಡಿದರೆ, "ಕೈ ತಗೀಲೇ. ಸಾಕು ಅಂದದ್ದು ನಿನ್ನ ಬಾಯಿ. ಹೊಟ್ಟಿ ಇನ್ನೂ ಏನೂ ಅಂದಿಲ್ಲ" ಎನ್ನುತ್ತಿದ್ದಳು.

ನಿಮ್ಮ ಅವ್ವ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಳು. ಆ ಸುದ್ದಿ ಊರಿಗೆ ಮುಟ್ಟಿ, ನನ್ನ ಮೈದುನ ಒಂದು ದಿನ ಖಾನಾವಳಿಗೇ ಬಂದರು. ಕೆಟ್ಟವರಲ್ಲ, ನಮ್ಮ ಕಷ್ಟಕ್ಕೆ ಆದವರೇ. "ಕಾಲೇಜ್ ಮುಗಿಯೂತನಕ ಆಡ್ಲಿ, ವೈನಿ. ಬ್ಯಾಸಗ್ಯಾಗ ಮದಿವಿ ಮಾಡೂಣು, ವರ ನೋಡೇನಿ" ಅಂದರು. ನಾನು ತಲೆಯಾಡಿಸಿದೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಮಗಳು ಆ ರಾತ್ರಿ ನನಗೆ ಬೆನ್ನು ಮಾಡಿ ಮಲಗಿದಳು.

ಆ ಬೇಸಿಗೆಗೆ ಮುಂಚೆ ಮೂಡಲಗಿಯಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಪಂದ್ಯ ನಿಗದಿಯಾಯಿತು. ಐವತ್ತೈದು ಕಿಲೋದೊಳಗಿನವರ ಪಂದ್ಯ. ಹುಬ್ಬಳ್ಳಿಯ ಒಂದು ತಂಡದ ಕೋಚ್ ನೋಡಲು ಬರುತ್ತಾರೆ, ಮನಸ್ಸಿಗೆ ಬಂದವರನ್ನು ಆರಿಸಿ ಪಗಾರ ಕೊಟ್ಟು ಆಡಿಸುತ್ತಾರೆ ಎಂದು ಕಾಲೇಜಿನ ಪೀಟಿ ಸರ್ ಹೇಳಿದರು. ಮಗಳಿಗೆ ನೌಕರಿ ಆದರೆ ಮೈದುನನ ಮುಂದೆ ಒಂದು ಮಾತು ಆಡಬಹುದಿತ್ತು. ಆಗದಿದ್ದರೆ ಮದುವೆ, ಅಲ್ಲಿಗೆ ಆಟ ಮುಗಿಯಿತು.

ಪಂದ್ಯದ ದಿನ ಬೆಳಿಗ್ಗೆ ಅಕ್ಕ ನಮಗಿಂತ ಮೊದಲು ಎದ್ದು ಹೋಳಿಗೆ ಮಾಡಿದ್ದಳು. ಒಳ್ಳೆಯ ಕೆಲಸಕ್ಕೆ ಹೊರಟವರು ಸಿಹಿ ತಿಂದೇ ಹೊಸ್ತಿಲು ದಾಟಬೇಕು.

"ಬ್ಯಾಡ ದೊಡ್ಡವ್ವ, ಇವತ್ತ ತೂಕ ಮಾಡ್ತಾರ" ಅಂದಳು ಮಗಳು.

"ಅದಕ್ಕ ಉಣ್ಣು ಅನ್ನಾಕತ್ತೇನಿ! ತೂಕ ಮಾಡೂ ದಿನ ಯಾರರ ಖಾಲಿ ಹೊಟ್ಟಿಲೆ ಹೋಗ್ತಾರೇನ?"

ಅಕ್ಕನ ತಪ್ಪಲ್ಲ. ಜೋಳ, ಬೆಲ್ಲ, ಬೇಳೆ ಕೊಳ್ಳುತ್ತ ಜನ್ಮ ಕಳೆದವಳು. ಪೇಟೆಯಲ್ಲಿ ಜಗಳ ಆಗುವುದು ತೂಕ ಕಡಿಮೆ ಬಿದ್ದಾಗ. ಹೆಚ್ಚು ಬಂದಿತೆಂದು ಮಾಲು ತಿರುಗಿ ಕಳಿಸಿದವರನ್ನು ಅವಳು ಕಂಡಿರಲಿಲ್ಲ. ಐವತ್ತೈದು ಕಿಲೋ ಅಂದರೆ ಅಷ್ಟಾದರೂ ತುಂಬಬೇಕು ಎಂದೇ ಅವಳು ತಿಳಿದಿದ್ದಳು. ಒಲೆಯ ಮುಂದೆ ಕೂತಿದ್ದ ನನಗೂ ಬೇರೆ ತಿಳಿದಿರಲಿಲ್ಲ. ಮಗಳಿಗೆ ಗೊತ್ತಿತ್ತು. ಆದರೆ ಹಿಂದಿನ ದಿನವೆಲ್ಲ ಬರೀ ನೀರು ಕುಡಿದು ಇದ್ದಳಂತೆ, ಬಿಸಿ ತುಪ್ಪದ ವಾಸನೆ ಮೂಗಿಗೆ ಬಂದಿತ್ತು... ಒಂದು ತಿಂದರೆ ನಡೆದೀತು ಅಂದುಕೊಂಡು ಕೂತಳು. ಅಕ್ಕನ ಮುಂದೆ ಒಂದಕ್ಕೆ ಎದ್ದವರುಂಟೇ? ಎರಡಾಯಿತು, ನಾಲ್ಕಾಯಿತು. ಮೇಲೆ ಒಂದು ತಂಬಿಗೆ ಹಾಲು.

ಮೂಡಲಗಿಯ ಮೈದಾನದಲ್ಲಿ ಬೆಲ್ಲದ ಪೇಟೆಯಿಂದ ತಂದ ತೂಕದ ಕಾಟಾ ಇಟ್ಟಿದ್ದರು. ಸುತ್ತ ನೊಣ ಹಾರುತ್ತಿದ್ದವು. ಮಗಳು ಹತ್ತಿ ನಿಂತಳು. ಆಟದ ತೀರ್ಪು ಕೊಡುವ, ಟೊಪ್ಪಿಗೆ ಹಾಕಿದ್ದ ಪಂಚರು ಬಗ್ಗಿ ನೋಡಿ, "ಅರ್ಧಾ ಕಿಲೋ ಜಾಸ್ತಿ. ಆಡಾಕ ಬರಂಗಿಲ್ಲ" ಎಂದರು.

ಅಕ್ಕ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದಳು. "ಏನ್ರಿ ಸಾಹೇಬ್ರ, ಕಾಟಾ ನಿಮ್ಮದು, ಹುಡುಗಿ ನಮ್ಮದು. ಜಾಸ್ತಿ ಬಂದ್ರ ನಿಮಗೇನ ಲುಕ್ಸಾನ ಆತು?"

ಸುತ್ತಲಿನವರು ನಕ್ಕರು. ಪೀಟಿ ಸರ್ ಅವಳನ್ನು ಬದಿಗೆ ಕರೆದು ಮೆಲ್ಲಗೆ ತಿಳಿಸಿ ಹೇಳಿದರು. ಅಕ್ಕ ಸೊಂಟದ ಮೇಲಿಟ್ಟಿದ್ದ ಕೈ ಕೆಳಗಿಳಿಸಿದಳು. ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕಣ್ಣು ತುಂಬಿಕೊಂಡಿತ್ತು.

"ಹತ್ತೂವರಿಗೆ ತೂಕ ಬಂದ್ ಮಾಡ್ತೀವಿ. ಅಷ್ಟರಾಗ ಇಳಿಸ್ಕೊಂಡ ಬಂದ್ರ ಮತ್ತ ನೋಡೂಣು" ಎಂದರು ಪಂಚರು.

ಅಷ್ಟು ಕೇಳಿದ್ದೇ, ಅಕ್ಕ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಆಟ ನೋಡಲು ಬಂದು ಗೋಡೆಯ ಬಳಿ ಕೂತಿದ್ದ ಒಬ್ಬ ಕುರಿ ಕಾಯುವ ಮುದುಕನ ಹೆಗಲಿನಿಂದ ಕಂಬಳಿ ಎಳೆದುಕೊಂಡಳು. "ಮುತ್ಯಾ, ಈಗ ಕೊಡ್ತೀನಿ" ಅಂದು ಮಗಳಿಗೆ ತಲೆಯಿಂದ ಸುತ್ತಿದಳು. ಹಣ್ಣಿನ ಗಾಡಿಯವನಿಂದ ಒಂದು ಹುಣಸೆಹಣ್ಣು ಇಸಿದುಕೊಂಡು ಮಗಳ ಬಾಯಲ್ಲಿ ತುರುಕಿದಳು.

"ನುಂಗಬ್ಯಾಡ ನನ್ನವ್ವ, ನೀರು ಬಂದಂಗ ಉಗುಳು. ನಡಿ, ನಾ ತುಂಬಿದ್ದು ನಾನ ಇಳಸ್ತೀನಿ."

ನನ್ನ ಕಡೆ ತಿರುಗಿ, "ನೀ ಕಾಟಾದ ಮುಂದ ನಿಂದ್ರು. ಎತ್ತಾಕ ಬಂದ್ರ ಬಿಡಬ್ಯಾಡ" ಎಂದು ಹೇಳಿ ಓಡಿಯೇ ಬಿಟ್ಟಳು.

ಮೈದಾನದ ಅಂಚಿನಲ್ಲಿ ಮಗಳು ಮುಂದೆ, ಅಕ್ಕ ಹಿಂದೆ. ಉಣ್ಣು ಉಣ್ಣು ಎಂದು ಊರಿಗೆಲ್ಲ ಗದರಿದವಳು "ಉಗುಳು, ಉಗುಳು" ಎಂದು ಕೂಗುತ್ತ ಓಡುತ್ತಿದ್ದಳು. ಕಾಂಪೌಂಡಿನ ಮೇಲೆ ಕೂತ ಕಾಲೇಜಿನ ಹುಡುಗರು ಸೀಟಿ ಹೊಡೆದರು. "ಅಕ್ಕಾರ, ನೀವೂ ಟೀಮಿನ್ಯಾಗ ಅದೀರೇನ್ರಿ?" ಎಂದನೊಬ್ಬ.

"ಅದೀನೋ, ಕ್ಯಾಪ್ಟನ್ ಅದೀನಿ! ಸಂಜಿಗೆ ಉಣ್ಣಾಕ ಬಾ, ಔಟ್ ಮಾಡ್ತೀನಿ ನಿನ್ನ!"

ಒಂದು ಸುತ್ತಿಗೆ ಅವಳ ಕಾಲು ಸೋತವು. ಕೂರಲಿಲ್ಲ. ಅಡ್ಡ ಹಾದು ಹೋಗಿ ಇನ್ನೊಂದು ಮೂಲೆಯಲ್ಲಿ ಮಗಳನ್ನು ಹಿಡಿದು ಮತ್ತೆ ನಾಲ್ಕು ಹೆಜ್ಜೆ ಓಡುವಳು. ಕಂಬಳಿ ಒಳಗಿನಿಂದ ತೋಯ್ದು ಭಾರವಾಗಿತ್ತು.

ಇತ್ತ ಪಂಚರು ಕೈಗಡಿಯಾರ ನೋಡಿ ಎದ್ದರು. ಇಬ್ಬರು ಹುಡುಗರು ಕಾಟಾ ಎತ್ತಲು ಬಗ್ಗಿದರು. ನಾನು ಹೊರಗಿನ ಗಂಡಸರ ಮುಂದೆ ಎಂದೂ ದನಿ ಎತ್ತಿದವಳಲ್ಲ. ಸೆರಗು ಬಿಗಿ ಹಿಡಿದುಕೊಂಡು, ಕಾಟಾದ ಮೇಲೆ ಒಂದು ಕೈ ಇಟ್ಟೆ.

"ಇನ್ನೊಂದೀಟ ತಡೀರಿ ಸರ್... ನನ್ನ ಮಗಳು ಬರಾಕತ್ಯಾಳ."

ನನಗೇ ಕೇಳಿಸದಷ್ಟು ಸಣ್ಣ ದನಿ. ಅವರಿಗೆ ಹೇಗೆ ಕೇಳಿಸಿತೋ. ನನ್ನ ಕೈ ನೋಡಿದರು, ಮೈದಾನದ ಕಡೆ ನೋಡಿದರು. ಆಮೇಲೆ ಆ ಹುಡುಗರಿಗೆ, "ಚಾ ತರ್ಸ್ರಿ. ಕುಡದ ಮ್ಯಾಲೆ ಎತ್ತೂಣು" ಅಂದು ಮತ್ತೆ ಕೂತರು. ಆ ಒಂದು ಕಪ್ ಚಹಾವನ್ನು ಅವರು ಕುಡಿದಷ್ಟು ನಿಧಾನವಾಗಿ ಯಾರೂ ಕುಡಿದದ್ದನ್ನು ನಾನು ಕಂಡಿಲ್ಲ.

ಮಗಳು ಬಂದು ಕಂಬಳಿ ಕಿತ್ತೆಸೆದು ಕಾಟಾ ಹತ್ತಿದಳು. ಮುಳ್ಳು ಆಚೆ ಹೋಯಿತು, ಈಚೆ ಬಂದಿತು, ನಿಂತಿತು. ಪಂಚರು ಆಗಲಿ ಎಂದು ತಲೆಯಾಡಿಸಿದರು. ಅಕ್ಕ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು, "ಯಪ್ಪಾ, ಯಾರರ ನೀರು ಕೊಡ್ರಿ" ಎಂದಳು.

ನಿಮ್ಮ ಅವ್ವನ ತಂಡ ಅವತ್ತು ಗೆಲ್ಲಲಿಲ್ಲ. ಆದರೆ ಆಟದ ಕೊನೆಗೆ ಮೂವರು ಹಿಡಿದುಕೊಂಡಿದ್ದಾಗಲೂ ಅವಳು ಎಳೆದುಕೊಂಡು ಹೋಗಿ ನಡುವಿನ ಗೆರೆ ಮುಟ್ಟಿದಳು. ಹುಬ್ಬಳ್ಳಿಯ ಕೋಚ್ ಎದ್ದು ನಿಂತು ನೋಡಿದರು. ಆಮೇಲೆ ಪೀಟಿ ಸರ್ ಅವರ ಹತ್ತಿರ, "ಈ ಹುಡುಗಿನ ಕಳಿಸಿ ಕೊಡ್ರಿ" ಎಂದು ಹೇಳಿಹೋದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಮಗಳ ಪಕ್ಕದಲ್ಲೇ ಕೂತಳು. ಗೋಕಾಕ ಹತ್ತಿರ ಬಂದಾಗ ಮಗಳ ಕಡೆ ಬಗ್ಗಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಈಗರ ಉಣ್ಣಬೌದೇನ, ತಂಗಿ?"

ಪಗಾರದ ಸುದ್ದಿ ಕೇಳಿ ಮೈದುನ ಬಂದರು. ನಾನು ಹೇಳಿದ್ದು ಇಷ್ಟೇ: "ಆಕಿ ಆಡ್ಲಿ. ಮದಿವಿ ಆಕಿ ಹೇಳಿದಾಗ ಮಾಡೂಣು." ಮೂಡಲಗಿಯಲ್ಲಿ ಒಮ್ಮೆ ಬಾಯಿ ಬಿಟ್ಟ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಅವರು ಸ್ವಲ್ಪ ದಿನ ಸಿಟ್ಟಾಗಿದ್ದರು, ಆಮೇಲೆ ಕುಲಗೋಡದ ತುಂಬ "ನಮ್ಮ ಹುಡುಗಿ" ಎಂದು ಹೇಳಿಕೊಂಡು ತಿರುಗಿದವರೂ ಅವರೇ. ಅವಳು ನಿಮ್ಮ ಅಪ್ಪನನ್ನು ಮೆಚ್ಚಿ ಮದುವೆಯಾದದ್ದು ಎಷ್ಟೋ ವರ್ಷ ಆಡಿದ ಮೇಲೆ.

ಅಕ್ಕ ಈಗಿಲ್ಲ. ಅವಳು ತೀರಿಕೊಂಡಾಗ ನಿಮ್ಮ ಅವ್ವ ದೂರದ ಊರಲ್ಲಿ ಪಂದ್ಯದಲ್ಲಿದ್ದಳು, ಕೊನೆಯ ಸಲ ಮುಖ ನೋಡಲಾಗಲಿಲ್ಲ. ಖಾನಾವಳಿ ಇದ್ದ ಜಾಗದಲ್ಲಿ ಮೂರಂತಸ್ತಿನ ಅಂಗಡಿಗಳು ಎದ್ದಿವೆ. ಗೋಕಾಕ ಬೆಳೆದಿದೆ, ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ದೀಪದ ಬೆಳಕಲ್ಲಿ ಆಡುವ ಮೈದಾನಗಳು ಬಂದಿವೆ. ನಿಮ್ಮಲ್ಲಿ ದೊಡ್ಡವಳು ಈಗ ಕಾಲೇಜಿನ ತಂಡದಲ್ಲಿ ಆಡುತ್ತಾಳೆ, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ. ನಿಮ್ಮ ಅವ್ವ ದೊಡ್ಡ ಲೀಗಿನಲ್ಲಿ ಅಂಪೈರ್. ಅಷ್ಟೆತ್ತರದ ಆಟಗಾರರು ಅವಳು ಕೈ ಎತ್ತಿದರೆ ತಲೆ ತಗ್ಗಿಸಿ ಹೊರಗೆ ನಡೆಯುವುದನ್ನು ಟೀವಿಯಲ್ಲಿ ನೋಡುವಾಗ ನನ್ನ ಕೈ ತಾನಾಗಿ ಅಕ್ಕನನ್ನು ಹುಡುಕಿ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ...

ಬೆಂಗಳೂರಿನ ಪಂದ್ಯಕ್ಕೆ ಬಾ ಅಜ್ಜಿ ಎಂದು ನೀವು ಪ್ರತಿ ವರ್ಷ ಕರೆಯುತ್ತೀರಿ. ಅಷ್ಟು ಮಂದಿಯ ನಡುವೆ ನನ್ನಿಂದಾಗದು ಎಂದು ತಪ್ಪಿಸಿಕೊಳ್ಳುತ್ತ ಬಂದೆ. ಈ ಸಲ ನನಗೂ ಟಿಕೀಟು ತೆಗೆಸಿರಿ. ಅಂಪೈರಿಗಾಗಿ ಯಾರೂ ಕೂಗುವುದಿಲ್ಲ ಎಂದು ನಿಮ್ಮ ಅವ್ವ ನಗುತ್ತಾಳೆ. ಅಕ್ಕ ಬದುಕಿದ್ದರೆ ಕೂಗುತ್ತಿದ್ದಳು. ಅವಳಿಲ್ಲ, ನಾನೇ ಕೂಗಬೇಕು.