ಅಮ್ಮಮ್ಮ ಮೂಸದ ಒಂದು ಎಲೆ

ಇವತ್ತು ಕುಂದಾಪುರದ ನರ್ಸರಿಯಲ್ಲಿ ಆ ಬಳ್ಳಿಯನ್ನು ಮತ್ತೆ ಕಂಡೆ. ಚೀಟಿಯಲ್ಲಿ ಫಿಲೋಡೆಂಡ್ರಾನ್ ಎಂದಿತ್ತು. ಹಿಂದೆ ಚಿಕ್ಕಮ್ಮ ಅಂದಕ್ಕೆಂದು ಮುಂಬೈಯಿಂದ ತಂದು ನಮ್ಮ ಮನೆಯ ಚಾವಡಿಯಲ್ಲಿ ನೀರು ತುಂಬಿದ ಬಾಟಲಿಯಲ್ಲಿ ಇಟ್ಟಿದ್ದು ಇದನ್ನೇ. ಎಲೆ ಥೇಟ್ ವೀಳ್ಯದೆಲೆ.

ಆಗಲೇ ಅಮ್ಮಮ್ಮನಿಗೆ ಕಣ್ಣು ಮಂಜಾಗಿತ್ತು. ಒಂದು ದಿನ "ಒಂದ್ ಎಲಿ ಕೊಡ್ ಮಗಾ" ಎಂದು ಕೈ ಚಾಚಿದರು. ವೀಳ್ಯದೆಲೆ ಮುಗಿದಿತ್ತು, ಅಂಗಡಿಗೆ ಹೋಗಲು ನನಗೆ ಸೋಮಾರಿತನ. ಬಾಟಲಿಯ ಬಳ್ಳಿಯಿಂದಲೇ ಕಿತ್ತು ಕೊಟ್ಟೆ. ಸುಣ್ಣ ಸವರಿ, ಅಡಿಕೆ ಇಟ್ಟು ಜಗಿದರು. ಸ್ವಲ್ಪ ಹೊತ್ತಿಗೇ ತುಟಿ, ನಾಲಿಗೆ ಊದಿಕೊಂಡವು.

"ಎಂತ ಆಯ್ತ್?" ಎನ್ನುತ್ತಾ ಅಮ್ಮ ಓಡಿಬಂದಳು.

"ಸುಣ್ಣ ಜಾಸ್ತಿ ಆಯ್ತ್ ಕಾಣ್" ಎಂದರು ಅಮ್ಮಮ್ಮ.

ಆಮೇಲೆ ಸಾಯುವವರೆಗೂ, ನಾನು ಕೊಟ್ಟ ಎಲೆಯನ್ನು ಮಾತ್ರ ಅವರು ಮೂಸಿ ನೋಡಿಯೇ ಬಾಯಿಗೆ ಹಾಕುತ್ತಿದ್ದರು.

ನರ್ಸರಿಯಲ್ಲಿ ಒಂದೆಲೆ ಚಿವುಟಿ ಮೂಸಿದೆ. ವೀಳ್ಯದ ಘಮವೇ ಇಲ್ಲ. ಅವತ್ತು ನನ್ನ ಕೈಯಿಂದ ಬಂದದ್ದನ್ನು ಮೂಸಬೇಕೆಂದು ಅವರಿಗೆ ಅನ್ನಿಸಿರಲೇ ಇಲ್ಲ.