ಕಣ್ಣು ತೆರೆಸಿದ ಎಚ್‌ಡಿಆರ್

ಶಿವಾರಪಟ್ಟಣದ ಶಿಲ್ಪಿಯ ಶೆಡ್ಡಿನೊಳಗೆ ಕತ್ತಲು, ಬಾಗಿಲಾಚೆ ಕಣ್ಣು ಕುಕ್ಕುವ ಬಿಸಿಲು. ಕತ್ತಲು, ಬಿಸಿಲು ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯುವ ಮೊಬೈಲಿನ ಎಚ್‌ಡಿಆರ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಮೊಬೈಲನ್ನು ಅಲುಗದಂತೆ ಕಲ್ಲಿನ ಮೇಲಿಟ್ಟು, ಉಳಿ ಹಿಡಿದು ದೇವಿಯ ವಿಗ್ರಹ ಕೆತ್ತುತ್ತಿದ್ದ ಶಿಲ್ಪಿಯಣ್ಣನಿಗೆ ಒಂದು ಗಳಿಗೆ ಕೈ ನಿಲ್ಲಿಸಲು ಹೇಳಿದೆ. ಮೊಬೈಲು ಕಪ್ಪಗೊಂದು, ಹದವಾಗೊಂದು, ಬೆಳ್ಳಗೊಂದು ಚಿತ್ರ ತೆಗೆದು ಮೂರನ್ನೂ ಬೆರೆಸಿತು. ದೇವಿಯ ಕಪ್ಪು ಮುಖ, ಹೊರಗಿನ ಬೇವಿನ ಮರ, ಎರಡೂ ಸ್ಪಷ್ಟ! ಅಣ್ಣ ಖುಷಿಯಿಂದ ಆ ಫೋಟೋವನ್ನು ವಿಗ್ರಹ ಮಾಡಿಸುತ್ತಿದ್ದ ಮುಳಬಾಗಿಲಿನ ಯಜಮಾನರಿಗೆ ಕಳಿಸಿದರು.

ತಕ್ಷಣ ಅವರ ಫೋನು ಬಂತು. ಸ್ಪೀಕರಿನಲ್ಲೇ ಗುಡುಗಿದರು: "ಏಮಯ್ಯಾ, ಅಪ್ಪುಡೇ ಕಳ್ಳು ತೆರಿಚೇಸಾವಾ? ಹಂಗಾದ್ರೆ ನಮಗೆ ವಿಗ್ರಹ ಬ್ಯಾಡ!"

"ಕಳ್ಳು ಯಾಕಣ್ಣಾ?" ಎಂದು ಶಿಲ್ಪಿಯಣ್ಣನನ್ನು ಕೇಳಿದೆ.

"ಕುಡಿಯೋದಲ್ಲ ಕಣೋ, ತೆಲುಗಲ್ಲಿ ಕಣ್ಣು! ಆಗ್ಲೇ ಕಣ್ಣು ತೆರೆದುಬಿಟ್ಯಾ ಅಂತಾವ್ರೆ. ಪ್ರತಿಷ್ಠೆ ದಿನ ತೆರೆಯೋ ಕಣ್ಣನ್ನ ನಿನ್ ಫೋನು ಇವತ್ತೇ ತೆರೆದುಬಿಟ್ಟೈತೆ" ಎಂದರು ಅಣ್ಣ.

ಕಣ್ಣಿನ ಜಾಗದಲ್ಲಿ ಅಣ್ಣ ಅಳತೆಗೆಂದು ಎಳೆದಿದ್ದ ತೆಳು ಪೆನ್ಸಿಲ್ ಗೆರೆ ಫೋಟೋದಲ್ಲಿ ನೆರಳಿನಿಂದೆದ್ದು ಕಣ್ಣಾಗಿತ್ತು. ಎಚ್‌ಡಿಆರ್ ಆಫ್ ಮಾಡಿ ಮತ್ತೆ ತೆಗೆದೆ. ಗೆರೆ ಕತ್ತಲಲ್ಲಿ ಮುಚ್ಚಿಕೊಂಡಿತು, ಬೇವಿನ ಮರ ಬಿಸಿಲಲ್ಲಿ ಕರಗಿಹೋಯಿತು. ಅದನ್ನು ಕಳಿಸಿದ ಮೇಲೆ ಯಜಮಾನರು ಒಪ್ಪಿದರು.

"ಆದ್ರೆ ಅಣ್ಣಾ, ಗೆರೆ ಇದ್ದಿದ್ದು ನಿಜ ತಾನೇ?" ಎಂದೆ.

ಅಣ್ಣ ಹೊಸ ಫೋಟೋ ನೋಡಿ, ಬಾಗಿಲಾಚೆ ನೋಡಿ, "ಮರಾನೂ ಇರೋದು ನಿಜಾನೇ. ಇದ್ರಲ್ಲಿ ಅದೆಲ್ಲೋಯ್ತು ಹೇಳು?" ಎಂದರು.